ಶಾಲೆ ಬಿಡುವ ವರ್ಷದ ಭಾವಚಿತ್ರ

ಅಮೆರಿಕಾ ದೇಶದಲ್ಲಿ ನೆಲಸಿರುವ ನಮ್ಮ ವಾಚಕಿಯೊಬ್ಬರು ಕಳೆದ ತಿಂಗಳು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಅವರ ಮಗನಿಗೆ ಹದಿನೇಳು ವರ್ಷ. ಹೈಸ್ಕೂಲಿನ ಕೊನೆಯ ತರಗತಿಗೆ ಬಂದಿರುವ ಆ ಹುಡುಗನ ಭಾವಚಿತ್ರವನ್ನು ತೆಗೆಯಿಸಬೇಕಾಗಿದೆ. ತಾಯಿಗೆ ಅವನನ್ನು ಜರಿಪಂಚೆ ಶಲ್ಯಗಳಲ್ಲಿ ನೋಡುವ ಆಸೆ. ತಂದೆಗೆ ಕೋಟು ಟೈಗಳ ಹಂಬಲ. ಹುಡುಗನಿಗೋ ಪಟವೇ ಬೇಡ. ಹಲ್ಲಿಗೆ ತಂತಿ ಕಟ್ಟಿಸಿಕೊಂಡಂದಿನಿಂದ ಅವನು ಬಾಯಿ ತೆರೆದು ನಗುವುದನ್ನೇ ಬಿಟ್ಟಿರುವನಂತೆ. "ಬರುವ ವರ್ಷ ಮನೆ ಬಿಟ್ಟು ಕಾಲೇಜಿಗೆ ಹೋಗುವವನು. ಇದೊಂದು ಪಟವಾದರೂ ನೆಟ್ಟಗೆ ಬರಲಿ ಎಂದರೆ ಮನೆಯಲ್ಲಿ ಮೂರು ದಿನದಿಂದ ಮಾತಿಲ್ಲ" ಎಂದು ಆ ತಾಯಿಯವರು ತೋಡಿಕೊಂಡಿದ್ದಾರೆ.

ಈ ಪದ್ಧತಿಯ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಆ ದೇಶದ ಹೈಸ್ಕೂಲಿನಲ್ಲಿ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಸೀನಿಯರ್ ಎಂಬ ಹೆಸರುಂಟು. ವರ್ಷಾಂತ್ಯದಲ್ಲಿ ಶಾಲೆಯು ಹೊರಡಿಸುವ ದಪ್ಪನಾದ ವಾರ್ಷಿಕ ಪುಸ್ತಕದಲ್ಲಿ ಇವರಲ್ಲಿ ಒಬ್ಬೊಬ್ಬರದೂ ಒಂದೊಂದು ಬಿಡಿ ಭಾವಚಿತ್ರವಿರುವುದು. ಪುಸ್ತಕವು ಅಚ್ಚಿಗೆ ಹೋಗುವ ಮೊದಲೇ ಪಟವು ಬೇಕಾದುದರಿಂದ, ಆ ತರಗತಿ ತೊಡಗುವುದಕ್ಕೆ ಮುಂಚಿನ ಬೇಸಗೆಯ ರಜೆಯಲ್ಲಾಗಲಿ, ತೊಡಗಿದ ಕೆಲವು ವಾರಗಳಲ್ಲಾಗಲಿ ಇದನ್ನು ತೆಗೆಯಿಸುವುದು ವಾಡಿಕೆ. ಶಾಲೆಯವರು ಗೊತ್ತುಮಾಡಿದ ಸ್ಟುಡಿಯೋದಲ್ಲಿ ಒಂದು. ಅನುಕೂಲವುಳ್ಳವರು ತಮ್ಮದೇ ಫೋಟೋಗ್ರಾಫರನ್ನು ಕರೆದು ತೋಟದಲ್ಲೋ ಹೊಳೆಯ ದಂಡೆಯಲ್ಲೋ ತೆಗೆಯಿಸುವುದು ಇನ್ನೊಂದು.

ಈ ವಾಡಿಕೆ ಇಂದು ನಿನ್ನೆಯದಲ್ಲ. ಫ್ರಾನ್ಸ್ ದೇಶದ ದಾಗೆರ್ ಎಂಬವರ ಛಾಯಾಚಿತ್ರ ವಿಧಾನವು ೧೮೩೯ರಲ್ಲಿ ಲೋಕಕ್ಕೆ ತಿಳಿಯಿತಷ್ಟೆ. ಮರುವರ್ಷವೇ, ತಂತಿ ವರ್ತಮಾನಕ್ಕೆ ಹೆಸರಾದ ಸ್ಯಾಮ್ಯುಯೆಲ್ ಮಾರ್ಸ್ ಅವರು ಯೇಲ್ ಕಾಲೇಜಿನಲ್ಲಿ ಮರಳಿ ಕೂಡಿದ ತಮ್ಮ ಹಳೆಯ ಸಹಪಾಠಿಗಳ ಚಿತ್ರವನ್ನು ತೆಗೆದರು. ಮುಂದೆ ೧೮೬೦ರ ಸುಮಾರಿನಲ್ಲಿ ಬಾಸ್ಟನ್ ಪ್ರಾಂತದ ಜಾರ್ಜ್ ವಾರನ್ ಎಂಬ ಫೋಟೋಗ್ರಾಫರು ಕಾಲೇಜು ಬಿಡುವ ವಿದ್ಯಾರ್ಥಿಗಳ ಬಿಡಿಪಟಗಳನ್ನು ತೆಗೆದು ಮಾರುತ್ತಿದ್ದರು. ವಿದ್ಯಾರ್ಥಿಗಳು ತಮಗೆ ಬೇಕಾದ ಗೆಳೆಯರ, ಗುರುಗಳ ಪಟಗಳನ್ನು ಆರಿಸಿ ಕೊಂಡು ರಟ್ಟು ಕಟ್ಟಿಸಿ ಇಟ್ಟುಕೊಳ್ಳುತ್ತಿದ್ದರು. ಆರಂಭದ ಆ ಕಾಲದಲ್ಲಿ ಪಟ ಮೂಡಲು ಬಹಳ ಹೊತ್ತು ಅಲುಗದೆ ಕುಳಿತಿರಬೇಕಾಗಿತ್ತು. ತಲೆ ಕದಲದಂತೆ ಬೆನ್ನ ಹಿಂದೆ ಒಂದು ಕಬ್ಬಿಣದ ಕವಲನ್ನು ನಿಲ್ಲಿಸಿ ಕತ್ತನ್ನು ಅದಕ್ಕೆ ಆನಿಸುತ್ತಿದ್ದರು. ಇಂದಿನ ಯಂತ್ರಕ್ಕೆ ಒಂದು ಸೆಕೆಂಡಿನ ನೂರರಲ್ಲೊಂದು ಪಾಲು ಸಾಕು, ಕಬ್ಬಿಣದ ಕವಲಿನ ಪ್ರಮೇಯವೇ ಇಲ್ಲ. ಆದರೆ ಫೋಟೋಗ್ರಾಫರ ಬೆನ್ನ ಹಿಂದೆ ನಿಂತು "ನೆಟ್ಟಗೆ ನಿಲ್ಲು, ಕೂದಲು ಸರಿಮಾಡಿಕೋ, ಸ್ವಲ್ಪ ನಗಬಾರದೇ" ಎನ್ನುವ ತಾಯಿತಂದೆಯರು ಅದೇ ಕೆಲಸವನ್ನು ಈಗಲೂ ನಡೆಯಿಸುತ್ತಿರುವರು!

ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಷ್ಟು ವರ್ಷವೂ ಹತ್ತನೆಯ ತರಗತಿಯ ಗುಂಪಿನ ಪಟಕ್ಕೆ ಮಕ್ಕಳೊಡನೆ ಕುಳಿತವರು. ಅಲ್ಲಿ ಕಂಡುಕೊಂಡದ್ದೊಂದುಂಟು. "ರೆಡಿ" ಎಂದೊಡನೆ ನಲವತ್ತು ಮುಖಗಳೂ ಕಲ್ಲಾಗುವುವು. "ಆಯಿತು" ಎಂದೊಡನೆ ನಲವತ್ತೂ ಒಮ್ಮೆಗೇ ಜೀವ ತಳೆಯುವುವು. ನುರಿತ ಫೋಟೋಗ್ರಾಫರು ಇದನ್ನು ಬಲ್ಲರು. ಅವರು ಬಾಯಲ್ಲಿ "ಆಯಿತು" ಎಂದರೂ ಕ್ಯಾಮರಾವನ್ನು ಕಣ್ಣಿನಿಂದ ಇಳಿಸುವುದಿಲ್ಲ.

ಹದಿನೇಳರ ವಯಸ್ಸಿನವರ ತೊಂದರೆ ಮುಖದಲ್ಲಿರುವುದಕ್ಕಿಂತ ಹೆಚ್ಚಾಗಿ ಕೈಕಾಲುಗಳಲ್ಲಿರುವುದು. ಉದ್ದ ಬೆಳೆದ ಕೈಗಳನ್ನು ಎಲ್ಲಿಡಬೇಕೆಂದು ಪಾಪ ಆ ಮಕ್ಕಳಿಗೇ ತಿಳಿಯದು. ಆದುದರಿಂದ ಭಂಗಿಯನ್ನು ಪಾದದಿಂದ ಮೇಲಕ್ಕೆ ಕಟ್ಟುತ್ತ ಬರತಕ್ಕದ್ದು. ಎರಡು ಕಾಲಿನ ಮೇಲೂ ಸಮಭಾರವಿಟ್ಟು ಕ್ಯಾಮರಾಕ್ಕೆ ಎದೆಯೊಡ್ಡಿ ನಿಂತರೆ ಮೈ ಹಲಗೆಯಂತೆ ಕಾಣುವುದು. ನಾಟ್ಯಶಾಸ್ತ್ರವು ಸಮಪಾದವೆಂದು ಹೆಸರಿಸಿರುವ ನಿಲವು ಇದೇ. ದೇವತಾಮೂರ್ತಿಗೆ ಗಾಂಭೀರ್ಯವನ್ನು ತರುವ ಈ ನಿಲವಿನಲ್ಲಿ ಹುಡುಗನು ಶಿಕ್ಷೆಗೆ ನಿಂತವನಂತಿರುವನು. ಭಾರವನ್ನು ಹಿಂದಿನ ಕಾಲಿಗೆ ಕೊಟ್ಟು, ಮುಂದಿನ ಮೊಣಕಾಲನ್ನು ಸಡಿಲಬಿಟ್ಟು, ಮೈಯನ್ನು ತುಸು ಓರೆ ತಿರುಗಿಸಿದರೆ ಸೊಂಟ, ಭುಜ, ಕತ್ತು ಮೂರೂ ತಾವಾಗಿ ಹದಕ್ಕೆ ಬರುವುವು. ನಮ್ಮ ಶಿಲ್ಪಿಗಳು ಆಭಂಗವೆಂದದ್ದನ್ನೇ ಅಲ್ಲಿಯ ಫೋಟೋಗ್ರಾಫರು ತಮ್ಮ ಅನುಭವದಿಂದ ಕಂಡುಕೊಂಡಿದ್ದಾರೆ. ತ್ರಿಭಂಗದವರೆಗೆ ಹೋಗುವುದು ಬೇಡ. ಅದು ಬೇಲೂರಿನ ಮದನಿಕೆಯರಿಗೇ ಇರಲಿ.

ಕೈಗೆ ಕೆಲಸ ಬೇಕು. ಒಂದು ಕೈ ಜೇಬಿನಲ್ಲಿ, ಹೆಬ್ಬೆರಳು ಮಾತ್ರ ಹೊರಗೆ. ಇಲ್ಲವೆ ಪುಸ್ತಕ, ಪಿಟೀಲು, ಚೆಂಡು, ಯಾವುದು ಅವನದೋ ಅದು. ಅಂಗೈಯನ್ನಾಗಲಿ ಮುಂಗೈಯ ಹಿಂಬದಿಯನ್ನಾಗಲಿ ಅಗಲವಾಗಿ ಒಡ್ಡದೆ ಕೈಯ ಪಕ್ಕವನ್ನು ತೋರಿಸಿದರೆ ಚೆನ್ನು. ಗಲ್ಲವನ್ನು ಒಂದಿಷ್ಟು ಮುಂದಕ್ಕೆ ಚಾಚಿ ತುಸು ತಗ್ಗಿಸಿದರೆ ಕತ್ತಿನ ಮಡಿಕೆ ಮಾಯವಾಗುವುದು. ಕನ್ನಡಕದ ಮೇಲಿನ ಹೊಳಪೂ ಹೆಚ್ಚಾಗಿ ತಪ್ಪುವುದು. ಫೋನಿನಿಂದ ತೆಗೆಯುವವರು ಮೊಗದ ಬಳಿಗೆ ಹೋದರೆ ಮೂಗು ದೊಡ್ಡದಾಗಿ ಕಿವಿ ಕಿರಿದಾಗಿ ಬೀಳುವುದರಿಂದ ಆರೆಂಟು ಅಡಿ ದೂರದಲ್ಲಿ ನಿಲ್ಲುವುದು ಮೇಲು.

ನಡುಹಗಲಿನ ಬಿಸಿಲು ಕಣ್ಣಿನ ಕುಳಿಗೆ ಕಪ್ಪು ಬಳಿಯುತ್ತದೆ. ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆಯ ಎಳೆಬಿಸಿಲು ಉತ್ತಮ. ಹಗಲಿನಲ್ಲೇ ಆಗಬೇಕಾದರೆ ಜಗಲಿಯ ಅಂಚಿನ ನೆರಳಿನಲ್ಲಿ ಬಯಲಿಗೆ ಮುಖಮಾಡಿ ನಿಲ್ಲಿಸಿದರೆ ಆಕಾಶದ ಬೆಳಕು ಕಣ್ಣಿನಲ್ಲಿ ಒಂದು ಚುಕ್ಕೆಯಾಗಿ ಮಿನುಗುವುದು. ಎಲೆಗಳ ನಡುವೆ ಬಿಸಿಲು ಸೋರುವ ಮರದಡಿ ಮಾತ್ರ ಸಲ್ಲದು; ಮುಖವೆಲ್ಲ ಚಿಟ್ಟುಚಿಟ್ಟಾಗುವುದು.

ಬೆಳಕಿನ ಮಾತು ಬಂದುದರಿಂದ ಮೈಬಣ್ಣದ ಮಾತನ್ನೂ ಆಡಲೇಬೇಕಾಗಿದೆ. ಇಪ್ಪತ್ತನೆಯ ಶತಮಾನದ ನಡುವಿನಿಂದ ಅನೇಕ ವರ್ಷಗಳ ಕಾಲ ಕೊಡಾಕ್ ಕಂಪನಿಯವರು ಬಣ್ಣದ ಪಟಗಳನ್ನು ಹದಗೊಳಿಸಲೆಂದು ಮುದ್ರಣಾಲಯಗಳಿಗೆ ಒಂದು ಮಾದರಿ ಚಿತ್ರವನ್ನು ಕಳುಹಿಸುತ್ತಿದ್ದರು. ಅದಕ್ಕೆ ಷರ್ಲಿ ಕಾರ್ಡ್ ಎಂದು ಹೆಸರು. ಅದರಲ್ಲಿದ್ದವರು ಬಿಳಿಯ ಹೆಂಗಸರು. ಅವರ ಬಣ್ಣ ಸರಿಯಾಗಿ ಬಂದರೆ ಪಟ ಸರಿ! ಬಿಳಿಯ ಮಕ್ಕಳೂ ಕಪ್ಪು ಮಕ್ಕಳೂ ಕೂಡಿ ಕುಳಿತ ಶಾಲೆಯ ಚಿತ್ರಗಳಲ್ಲಿ ಕಪ್ಪು ಮಕ್ಕಳ ಮುಖಲಕ್ಷಣವೇ ಕಾಣದೆ ಕಣ್ಣು ಹಲ್ಲುಗಳಷ್ಟೆ ಮೂಡುತ್ತಿದ್ದುವೆಂದು ಅವರ ತಾಯಂದಿರು ದೂರಿದ್ದುಂಟು. ಬೇರೆ ಬೇರೆ ಬಣ್ಣದ ಮೂವರು ಹೆಂಗಸರನ್ನು ಸೇರಿಸಿದ ಕಾರ್ಡು ಬಂದದ್ದು ೧೯೯೦ರ ದಶಕದಲ್ಲಿ. ಇಂದು ಯಂತ್ರಕ್ಕೆ ಆ ದೋಷವು ಬಹಳಮಟ್ಟಿಗೆ ಇಲ್ಲದಿದ್ದರೂ ಪಟವನ್ನು ತಿದ್ದುವವರ ಕೈಗೆ ಇನ್ನೂ ಇರುವುದು. ನಮ್ಮ ಕಡೆಯ ಮನೆಗಳಲ್ಲಿಯೂ "ಸ್ವಲ್ಪ ಬಿಳುಪು ಮಾಡಿಕೊಡಿ" ಎಂದು ಕೇಳುವವರು ಕಡಿಮೆಯಿಲ್ಲ. ವಾರದಲ್ಲಿ ಮಾಯವಾಗುವ ಮೊಡವೆಯನ್ನು ಅಳಿಸಲಿ, ಅಡ್ಡಿಯಿಲ್ಲ. ಹುಟ್ಟುಮಚ್ಚೆ, ಬಾಲ್ಯದಲ್ಲಿ ಬಿದ್ದ ಗಾಯದ ಗುರುತು, ತಂದೆತಾಯಿಯರಿಂದ ಬಂದ ಬಣ್ಣ, ಇವನ್ನು ಮುಟ್ಟಕೂಡದು. ಹೆತ್ತವರೇ ತನ್ನ ಬಣ್ಣವನ್ನು ತಿದ್ದಿಸಿದರೆಂದು ಕಂಡ ಹೆಣ್ಣುಮಗುವು ಆ ಪಟವನ್ನು ಗೋಡೆಯಲ್ಲಿ ನೋಡುವಾಗಲೆಲ್ಲ ಏನನ್ನು ನೆನೆಯುವಳು?

ಇನ್ನು ಉಡಿಗೆ. ವಾರ್ಷಿಕ ಪುಸ್ತಕದ ಪಟಕ್ಕೆ ಹುಡುಗರಿಗೆ ಟಕ್ಸೀಡೋ ಕೋಟು, ಹುಡುಗಿಯರಿಗೆ ಭುಜದ ಸುತ್ತ ಹೊದೆಯುವ ಕಪ್ಪು ಬಟ್ಟೆ ಎಂದು ಅನೇಕ ಶಾಲೆಗಳಲ್ಲಿ ರೂಢಿಯುಂಟು. ಮಿಸಿಸಿಪಿ ಸಂಸ್ಥಾನದಲ್ಲಿ ಒಬ್ಬ ಹುಡುಗಿಯು ತನಗೆ ಆ ಹೊದಿಕೆ ಒಗ್ಗದೆಂದು ಟಕ್ಸೀಡೋ ತೊಟ್ಟು ಪಟ ತೆಗೆಸಿಕೊಂಡಳು. ಶಾಲೆಯವರು ೨೦೧೦ರ ಪುಸ್ತಕದಲ್ಲಿ ಸಹಪಾಠಿಗಳ ಸಾಲಿನಿಂದ ಅವಳ ಚಿತ್ರವನ್ನು ಕೈಬಿಟ್ಟರು. ವ್ಯಾಜ್ಯವು ನ್ಯಾಯಾಲಯವನ್ನು ಮುಟ್ಟಿತು. ೨೦೧೧ರಲ್ಲಿ ರಾಜಿಯಾಗಿ, ಹುಡುಗ ಹುಡುಗಿಯರೆಲ್ಲರೂ ಒಂದೇ ಬಗೆಯ ನಿಲುವಂಗಿ ಟೋಪಿಗಳಲ್ಲಿ ಕುಳಿತುಕೊಳ್ಳುವ ಏರ್ಪಾಡಾಯಿತು. ತಾನು ಕಲಿತ ಶಾಲೆಯ ಪುಸ್ತಕದಲ್ಲಿ ಸಹಪಾಠಿಗಳ ಸಾಲಿನಲ್ಲಿ ತನ್ನ ಮುಖವೇ ಇಲ್ಲದಿರುವುದು ಆ ಎಳೆಯ ಜೀವಕ್ಕೆ ಅಲ್ಪವಾದ ನೋವೇ?

ಶಾಕುಂತಲ ನಾಟಕದ ಆರನೆಯ ಅಂಕವು ಇಲ್ಲಿ ನಮ್ಮ ನೆನಪಿಗೆ ಬರುವುದು. ದುಷ್ಯಂತನು ತಾನು ಬರೆದ ಶಕುಂತಲೆಯ ಚಿತ್ರವನ್ನು ನೋಡುತ್ತ, ಇದಿನ್ನೂ ಮುಗಿದಿಲ್ಲವೆಂದುಕೊಳ್ಳುವನು. ಅವನು ಸೇರಿಸಬೇಕೆಂದದ್ದು ಅರಮನೆಯ ರತ್ನಗಳನ್ನಲ್ಲ. ಮಾಲಿನೀ ನದಿಯನ್ನು, ಮರಳಲ್ಲಿ ಕುಳಿತ ಹಂಸಗಳನ್ನು, ಜಿಂಕೆಗಳನ್ನು, ಕಿವಿಯಲ್ಲಿ ಶಿರೀಷದ ಹೂವನ್ನು. ಅವಳು ಬೆಳೆದ ತಾಣವೂ ಅವಳು ತೊಡುತ್ತಿದ್ದ ಒಡವೆಯೂ ಇಲ್ಲದೆ ಅವಳ ರೂಪವು ಪೂರ್ಣವಾಗದೆಂದು ಅವನಿಗೆ ತೋರಿತು. ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಸ್ಟುಡಿಯೋದವರೂ ಹೇಳಲಾರರು. ಭರತನಾಟ್ಯ ಕಲಿತ ಹುಡುಗಿಯು ಗೆಜ್ಜೆ ಕಟ್ಟಿ ನಿಲ್ಲಲಿ, ಬಹಳ ಸೊಗಸು. ಮೃದಂಗವನ್ನು ಎಂದೂ ಮುಟ್ಟದವನ ಮುಂದೆ ಮೃದಂಗವನ್ನಿಟ್ಟರೆ ಅದು ನಾಟಕದ ಪರದೆಯಾಗುವುದು.

ಆ ತಾಯಿಯವರಿಗೆ ನಾವು ಬರೆದ ಉತ್ತರವಿಷ್ಟೆ. ಶಾಲೆಯ ಪಟವು ಶಾಲೆಯ ಕಟ್ಟಳೆಯಂತೆ ನಡೆಯಲಿ. ಹೊರಗಿನ ಪಟಕ್ಕೆ ಎರಡು ಉಡಿಗೆಯಿರಲಿ. ಮೊದಲನೆಯದನ್ನು ಹುಡುಗನೇ ಆರಿಸಲಿ, ಬೇಕಾದರೆ ಆ ಹಳೆಯ ಓಟದ ಬೂಟುಗಳ ಸಮೇತ. ಅದು ಮುಗಿದ ಬಳಿಕ ಪಂಚೆಯುಡಲು ಕೇಳಿಕೊಳ್ಳಿರಿ; ತನ್ನ ಮಾತು ನಡೆದವನು ತಾಯಿಯ ಮಾತಿಗೂ ಹೆಚ್ಚಾಗಿ ಒಪ್ಪುವನು. ತುಟಿ ಮುಚ್ಚಿದ್ದರೆ ಮುಚ್ಚಿರಲಿ, ನಗು ಕಣ್ಣಿನಲ್ಲಿಯೂ ಬರುವುದು. ಪಟ ತೆಗೆಯುವಷ್ಟು ಹೊತ್ತು ತಾವಿಬ್ಬರೂ ದೂರದಲ್ಲೊಂದು ಸುತ್ತು ತಿರುಗಾಡಿ ಬರುವುದು. ಅವನ ತಂಗಿಯನ್ನೋ ಗೆಳೆಯನನ್ನೋ ಅಲ್ಲಿ ಬಿಟ್ಟಿದ್ದರೆ ನಗಿಸುವ ಭಾರವನ್ನು ಅವರು ನೋಡಿಕೊಳ್ಳುವರು.

ಫೋನಿನಲ್ಲಿ ಉಳಿದ ಚಿತ್ರವು ಫೋನಿನೊಡನೆಯೇ ಹೋಗುವುದುಂಟು. ಆದ್ದರಿಂದ ಒಳ್ಳೆಯ ಎರಡನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಊರಿನಲ್ಲಿರುವ ಅಜ್ಜಿಗೆ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳುಹಿಸತಕ್ಕದ್ದು. ಹಿಂಬದಿಯಲ್ಲಿ ಹುಡುಗನ ಹೆಸರು, ಊರು, ವರ್ಷಗಳನ್ನು ಮೆದುವಾದ ಪೆನ್ಸಿಲಿನಿಂದ ಬರೆಯಿರಿ. ಒತ್ತಿ ಬರೆದರೆ ಗೀರು ಮುಂಬದಿಗೆ ಮೂಡುವುದು.