ಮಂಜಿನೊಳಗಿನ ಭಯ

ಮಂಜು ಕವಿದ ಮುಂಜಾನೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಈಗಷ್ಟೇ ಕಂಡ ಗೋಪುರ ಮಾಯವಾಗುತ್ತದೆ. ಪಕ್ಕದಲ್ಲಿದ್ದ ಮಡದಿಯ ದನಿ ಎಲ್ಲಿಂದಲೋ ಬರುತ್ತದೆ. ಇಲ್ಲಿಯ ಹಂಸತೀರ್ಥದಲ್ಲಿ ಮಿಂದ ಕಾಗೆಗಳು ಹಂಸಗಳಾದುವೆಂದೂ, ಅಂದಿನಿಂದ ಬೆಟ್ಟಕ್ಕೆ ಕಾಗೆ ಸುಳಿಯದೆಂದೂ ಸ್ಥಳಪುರಾಣ. ಪುಣ್ಯಕಥೆಯೇ ಸರಿ. ಆದರೆ ಆ ಮಂಜಿನಲ್ಲಿ ನಿಂತು ಕೇಳಿದವನ ಕಿವಿ, ಮನೆಯಂಗಳದಲ್ಲಿ ನಿತ್ಯ ಬೈದು ಅಟ್ಟುವ ಕಾಗೆಯ ಕೂಗಿಗಾಗಿಯೇ ಹಾತೊರೆಯುತ್ತದೆ!

ವಿಲಕ್ಷಣ ಭಯದ ಕಥೆಗಳ ಸೆಳೆತವೂ ಇಂಥದೇ. ಆಲ್ಜರ್ನನ್ ಬ್ಲ್ಯಾಕ್‌ವುಡ್ಡನ ‘ದಿ ವಿಲೋಸ್’ (1907) ಕಥೆಯಲ್ಲಿ ಹಲ್ಲು ಕಿರಿಯುವ ದೆವ್ವವಿಲ್ಲ. ಡಾನ್ಯೂಬ್ ನದಿಯ ನಡುಗಡ್ಡೆಯಲ್ಲಿ ಬೀಡುಬಿಟ್ಟ ಇಬ್ಬರಿಗೆ, ಸುತ್ತಣ ಪೊದೆಗಳು ಇರುಳಿನಲ್ಲಿ ಗುಡಾರದತ್ತ ಸರಿದಂತೆ ತೋರುತ್ತದೆ. ಅಗುಳಿ ಹಾಕಿದ ಮನೆಯೊಳಗೆ, ದೀಪದಡಿ, ಓದುಗನಿಗೆ ಅದು ಸವಿ.

ಬೆಟ್ಟವಾದರೋ ಕಾಡಾನೆಗಳ ಸೀಮೆ. ಸಂಜೆಗೆ ಮುನ್ನ ಎಲ್ಲರೂ ಕೆಳಗಿಳಿಯಬೇಕು. ಮಂಜನ್ನು ಮನಸಾರೆ ಹೊಗಳುತ್ತಿದ್ದವರೂ ಕಡೆಯ ಬಸ್ಸಿನ ಸದ್ದು ಕೇಳಿದೊಡನೆ ಓಡುತ್ತಾರೆ.