ಹಿಂಗಾಲಿಯ ಸ್ಪ್ರಿಂಗು: ಕಣ್ಣಳತೆ ಸಾಲದು, ತೂಕದ ಲೆಕ್ಕ ಬೇಕು

ನಮ್ಮ ಸೀಮೆಯಲ್ಲಿ ಮೋಟಾರು ಸೈಕಲ್ಲು ಸವಾರಿಯ ವಾಹನ ಮಾತ್ರವಲ್ಲ, ಹೊರೆ ಹೊರುವ ಎತ್ತೂ ಹೌದು. ಜೀಪು ಇಟ್ಟುಕೊಳ್ಳಲಾಗದ ಎರಡು ಮೂರು ಎಕರೆಯ ಬೆಳೆಗಾರರು ಮೈಲುತುತ್ತ, ಸುಣ್ಣ, ಗೊಬ್ಬರ, ಅಕ್ಕಿ ಎಲ್ಲವನ್ನೂ ಹಿಂದಿನ ಕ್ಯಾರಿಯರಿಗೆ ಬಿಗಿದೇ ತರುತ್ತಾರೆ. ಕಾಫಿ, ಅಡಿಕೆಯನ್ನೂ ಹಾಗೆಯೇ ಸಾಗಿಸುತ್ತಾರೆ. ಆದಕಾರಣ ಹಿಂಗಾಲಿಯ ಶಾಕ್ ಅಬ್ಸಾರ್ಬರ್ ಬೇಗ ಸೋಲುತ್ತದೆ, ಬದಲಿಸುವ ಸಂದರ್ಭ ಮತ್ತೆ ಮತ್ತೆ ಬರುತ್ತದೆ. ಈ ಬದಲಾವಣೆಯನ್ನು ನಮ್ಮವರು ಬಹಳ ಹಗುರವಾಗಿ ತೆಗೆದುಕೊಂಡಿದ್ದಾರೆ ಎಂಬುದು ನಮ್ಮ ಅಭಿಪ್ರಾಯ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದ ಮೇಲೆ ಹಳೆಯ ಯೆಜ್ದಿ ಇಟ್ಟುಕೊಂಡವರಿಗೆ ಮೂಲ ಬಿಡಿಭಾಗ ಸಿಗುವುದು ಕಷ್ಟವಾಯಿತು. ಬೇರೆ ಬೈಕಿನ ಶಾಕ್ಸ್ ತಂದು ಕೂರಿಸುವುದು ರೂಢಿಯಾಯಿತು. ಹೊಸ ಬೈಕಿನವರೂ 'ಲೋಡಿಗೆ ತಾಳುವಂಥದ್ದು ಕೊಡಿ' ಎಂದು ಅಂಗಡಿಯಲ್ಲಿ ಕೇಳಿ, ಕಣ್ಣಿಗೆ ದಪ್ಪ ಕಂಡ ಸ್ಪ್ರಿಂಗನ್ನು ಹಾಕಿಸಿಕೊಳ್ಳುತ್ತಾರೆ. ಬಿಗಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೇ ಇಲ್ಲಿ ತಪ್ಪು.

ಮೆದು ಸ್ಪ್ರಿಂಗಿನ ದೋಷ ಎಲ್ಲರಿಗೂ ಗೊತ್ತು. ಹೊಂಡಕ್ಕೆ ಇಳಿದಾಗ ಶಾಕ್ಸ್ ತಳ ಕಚ್ಚಿ 'ಧಡ್' ಎನ್ನುತ್ತದೆ. ಹಿಂಭಾಗ ಕುಗ್ಗಿ ಮುಂಗಾಲಿ ಹಗುರಾಗುತ್ತದೆ, ದೀಪ ಮರದ ತುದಿ ನೋಡುತ್ತದೆ. ಅತಿ ಬಿಗಿಯ ದೋಷ ಅಷ್ಟು ಬೇಗ ಕಾಣುವುದಿಲ್ಲ. ಚೀಲ ಇಳಿಸಿ ಬರಿಗೈಯಲ್ಲಿ ಹಿಂತಿರುಗುವಾಗ ಸ್ಪ್ರಿಂಗು ಕುಗ್ಗದೆ, ಗಾಲಿಯೇ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತದೆ. ನೆಲ ಬಿಟ್ಟ ಗಾಲಿಗೆ ಬ್ರೇಕು ಹಿಡಿದು ಪ್ರಯೋಜನವೇನು? ಆಷಾಢದ ಮಳೆಯಲ್ಲಿ ಪಾಚಿಗಟ್ಟಿದ ಇಳಿಜಾರಿನಲ್ಲಿ, ಹಿಂದೆ ಮನೆಯಾಕೆ, ಮುಂದೆ ಮಗು ಕುಳಿತಿರುವಾಗ ಈ ಪ್ರಶ್ನೆ ಸಣ್ಣದಲ್ಲ.

ಸ್ಪ್ರಿಂಗಿನ ಬಿಗಿಯನ್ನು ಅಳೆಯುವುದು ಒಂದು ಮಿಲಿಮೀಟರ್ ಕುಗ್ಗಿಸಲು ಎಷ್ಟು ಕಿಲೋ ಬೇಕು ಎಂಬುದರಿಂದ. ಇದು ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಈ ಮೂರನ್ನೂ ಅವಲಂಬಿಸಿದೆ. ಸುರುಳಿ ಅಗಲವಾದರೆ, ಸುತ್ತು ಹೆಚ್ಚಾದರೆ ಸ್ಪ್ರಿಂಗು ಮೆದುವಾಗುತ್ತದೆ. ತಂತಿಯ ದಪ್ಪದ ಪರಿಣಾಮವಂತೂ ನಾಲ್ಕು ಬಾರಿ ಗುಣಿಸಿದಂತೆ. ಉಳಿದೆಲ್ಲ ಒಂದೇ ಆಗಿದ್ದು ತಂತಿ 7 ಮಿ.ಮೀ. ಬದಲು 8 ಮಿ.ಮೀ. ಆದರೆ ಬಿಗಿ ಶೇಕಡಾ 70ರಷ್ಟು ಏರುತ್ತದೆ. ಅರ್ಧ ಮಿಲಿಮೀಟರ್ ಹೆಚ್ಚಿದರೇ ಶೇಕಡಾ 30ರಷ್ಟು ಏರಿಕೆ. ಕಣ್ಣಳತೆಗೆ ಈ ವ್ಯತ್ಯಾಸ ಸಿಕ್ಕುವುದೆಲ್ಲಿ?

ಇನ್ನೊಂದು ಭ್ರಮೆ, ಸ್ಪ್ರಿಂಗಿನ ಕೆಳಗೆ ವಾಷರ್ ಹಾಕಿದರೆ ಅಥವಾ ಬುಡದ ರಿಂಗನ್ನು ಮೇಲಿನ ಮೆಟ್ಟಿಲಿಗೆ ತಿರುಗಿಸಿದರೆ ಸ್ಪ್ರಿಂಗು ಬಿಗಿಯಾಗುತ್ತದೆ ಎಂಬುದು. ಹಾಗಾಗುವುದಿಲ್ಲ. ಬೈಕಿನ ಹಿಂಭಾಗ ಸ್ವಲ್ಪ ಮೇಲೇಳುತ್ತದೆ, ಅಷ್ಟೇ. ಮಿಲಿಮೀಟರಿಗೆ ಬೇಕಾದ ಕಿಲೋ ಮೊದಲಿನಷ್ಟೇ. ಅಪರೂಪಕ್ಕೆ ಚೀಲ ತರುವ ದಿನ ರಿಂಗು ತಿರುಗಿಸುವುದು ಸರಿಯಾದ ಕ್ರಮ. ದಿನನಿತ್ಯ ಹೊರೆ ಹೊರುವವರಿಗೆ ಅದು ಪರಿಹಾರವಲ್ಲ. ದಪ್ಪ ವಾಷರ್ ತುರುಕಿದರೆ ಸುತ್ತಿಗೆ ಸುತ್ತು ತಾಗಿ ಸ್ಪ್ರಿಂಗು ಕಬ್ಬಿಣದ ಕೊಳವೆಯಂತಾಗುವ ಅಪಾಯವೂ ಇದೆ. ಸುತ್ತು ಕತ್ತರಿಸಿ ಬಿಗಿ ಮಾಡುವ ಚಾಳಿಯನ್ನಂತೂ ಬಿಟ್ಟೇಬಿಡಬೇಕು.

ಹಾಗಾದರೆ ಸರಿಯಾದ ಸ್ಪ್ರಿಂಗನ್ನು ಆರಿಸುವುದು ಹೇಗೆ? ಇದಕ್ಕೆ ಒಂದು ಟೇಪು, ತೂಕ ಗೊತ್ತಿರುವ ಒಂದು ಚೀಲ, ಜೊತೆಗೊಬ್ಬರು ಇದ್ದರೆ ಸಾಕು. ಬೈಕನ್ನು ಹಿಂಗಾಲಿ ನೆಲ ಬಿಡುವಂತೆ ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಆಕ್ಸಲಿನಿಂದ ನೇರ ಮೇಲಕ್ಕೆ ಸೀಟಿನ ಅಂಚಿನ ಗುರುತಿನವರೆಗೆ ಅಳೆಯಿರಿ. 500 ಮಿ.ಮೀ. ಬಂತೆನ್ನಿ. ಸ್ಟ್ಯಾಂಡ್ ಇಳಿಸಿ ಸವಾರರು ಕುಳಿತಾಗ 475. ಆಕ್ಸಲಿನ ನೇರಕ್ಕೆ 50 ಕಿಲೋ ಚೀಲ ಇಟ್ಟಾಗ 450. ಪ್ರತಿ ಸಲವೂ ಒಮ್ಮೆ ಕುಲುಕಿಸಿ ಬಿಟ್ಟೇ ಅಳೆಯಬೇಕು. ಸವಾರರ ಭಾರಕ್ಕೆ 25, ಚೀಲಕ್ಕೆ ಮತ್ತೆ 25, ಒಟ್ಟು 50 ಮಿ.ಮೀ. ಕುಗ್ಗಿತು. ಗಾಲಿಯ ಒಟ್ಟು ಚಲನೆ 80 ಮಿ.ಮೀ. ಇದ್ದರೆ ಹೊಂಡಕ್ಕೆ ಉಳಿದದ್ದು 30 ಮಾತ್ರ.

ಒಬ್ಬರೇ ಕುಳಿತಾಗ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗ ಕುಗ್ಗುವುದು ಸರಿಯಾದ ಲಕ್ಷಣ. ಮೇಲಿನ ಬೈಕು ಆ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಚೀಲದ ಭಾರಕ್ಕೆ ಮಾತ್ರ ಸಾಲದು. ದಿನವೂ ಚೀಲ ಹೊರುವವರು ಆ 25ನ್ನು 18ಕ್ಕೆ ಇಳಿಸಬೇಕೆಂದರೆ 25ನ್ನು 18ರಿಂದ ಭಾಗಿಸಿ: ಈಗಿನದಕ್ಕಿಂತ ಸುಮಾರು 1.4 ಪಟ್ಟು ಬಿಗಿಯ ಸ್ಪ್ರಿಂಗು ಬೇಕು. 8 ಮಿ.ಮೀ. ತಂತಿಯದು 1.7 ಪಟ್ಟು, ಅದು ಅತಿಯಾಯಿತು. ವಾರಕ್ಕೊಮ್ಮೆ ಮಾತ್ರ ಚೀಲ ತರುವವರಿಗೆ ಈಗಿರುವ ಸ್ಪ್ರಿಂಗೇ ಸಾಕು. ವರ್ಷದಲ್ಲಿ ಹೆಚ್ಚು ದಿನ ಹೊರುವ ಭಾರಕ್ಕೆ ಸ್ಪ್ರಿಂಗು ಆರಿಸಬೇಕೇ ಹೊರತು, ವರ್ಷದ ಅತಿ ಭಾರದ ದಿನಕ್ಕಲ್ಲ.

ಬೇರೆ ಬೈಕಿನ ಶಾಕ್ಸ್ ಹಾಕುವವರು ಇನ್ನೂ ಮೂರು ಸಂಗತಿ ನೋಡಬೇಕು. ಮೇಲಿನ ಬುಷ್ಷಿನಿಂದ ಕೆಳಗಿನ ಬುಷ್ಷಿಗೆ ಇರುವ ಉದ್ದ ಹಳೆಯದರಷ್ಟೇ ಇರಲಿ. ಉದ್ದ ಬದಲಾದರೆ ಚೈನಿನ ಸಡಿಲವೂ ಹ್ಯಾಂಡಲಿನ ಗುಣವೂ ಬದಲಾಗುತ್ತವೆ. ಶಾಕ್ಸಿನ ಓರೆ ಹೆಚ್ಚಿದರೆ ಅದೇ ಸ್ಪ್ರಿಂಗು ಮೆದುವಾಗಿ ನಡೆಯುತ್ತದೆ. ಕೊನೆಯದಾಗಿ, ಪುಟಿಯುವ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವುದು ಒಳಗಿನ ಎಣ್ಣೆ. ಹಿಂಭಾಗವನ್ನು ಒತ್ತಿ ಬಿಟ್ಟಾಗ ಎರಡು ಮೂರು ಸಲ ಕುಣಿದರೆ ಡ್ಯಾಂಪರ್ ಹೋಗಿದೆ ಎಂದರ್ಥ. ಸತ್ತ ಡ್ಯಾಂಪರಿಗೆ ಬಿಗಿ ಸ್ಪ್ರಿಂಗು ಹಾಕುವುದು ಹಗ್ಗ ಹರಿದ ಹೋರಿಗೆ ಹಿಂಡಿ ತಿನ್ನಿಸಿದಂತೆ. ಸ್ಪ್ರಿಂಗನ್ನು ಬಿಚ್ಚುವ ಕೆಲಸ ಸರಿಯಾದ ಸಲಕರಣೆ ಇರುವ ಮೆಕ್ಯಾನಿಕ್ಕರದೇ. ಒತ್ತಿಟ್ಟ ಸ್ಪ್ರಿಂಗು ಸಿಡಿದರೆ ಕೈ ಮುರಿಯುತ್ತದೆ.

ಈ ವಿಷಯದಲ್ಲಿ ಸಂಘಕ್ಕೂ ಕರ್ತವ್ಯವಿದೆ. ಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟೆಂದು ಮುದ್ರಿಸಿರಬೇಕೆಂದು ನಾವು ಬಯಸುತ್ತೇವೆ. ಸ್ಪ್ರಿಂಗು ಕೊಳ್ಳುವಾಗ ಅದರ ಬಿಗಿ ಎಷ್ಟೆಂದು ಕೇಳುವುದೇ ಇಲ್ಲ. ಸಂಘದ ಮಳಿಗೆಗಳು ಬಿಗಿಯನ್ನು ಬಿಲ್ಲಿನಲ್ಲಿ ಬರೆದುಕೊಡುವ ವ್ಯಾಪಾರಿಗಳಿಂದಲೇ ಖರೀದಿಸಲಿ. ಗೋದಾಮಿನ ತಕ್ಕಡಿಯ ಪಕ್ಕದಲ್ಲಿ ಒಂದು ಒತ್ತುಯಂತ್ರ, ಒಂದು ಅಳತೆಪಟ್ಟಿ ಇಟ್ಟರೆ ಸದಸ್ಯರ ಸ್ಪ್ರಿಂಗನ್ನು ಅಲ್ಲೇ ಪರೀಕ್ಷಿಸಬಹುದು. ಖರ್ಚು ದೊಡ್ಡದಲ್ಲ.

ಎಷ್ಟೇ ಒಳ್ಳೆಯ ಸ್ಪ್ರಿಂಗು ಹಾಕಿದರೂ ಬೈಕು ಜೀಪಾಗುವುದಿಲ್ಲ ಎಂಬುದನ್ನು ಸದಸ್ಯ ಬಾಂಧವರು ನೆನಪಿಡತಕ್ಕದ್ದು. ಟೈರು, ಬ್ರೇಕು, ಚೌಕಟ್ಟಿಗೂ ಮಿತಿಯುಂಟು. ಆ ಮಿತಿ ಬೈಕಿನ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಎರಡನೇ ಚೀಲಕ್ಕೆ ಎರಡನೇ ಸಲ ಹೋಗಿಬರುವುದೇ ಮೇಲು. ಒಂದು ಲೀಟರ್ ಪೆಟ್ರೋಲು ಉಳಿಸಲು ಹೋಗಿ ಸೊಂಟ ಮುರಿದುಕೊಂಡರೆ ಕೊಯ್ಲಿಗೆ ಆಳು ಸಿಗದ ಈ ಕಾಲದಲ್ಲಿ ತೋಟ ನೋಡುವವರು ಯಾರು?