ಮಗನ ದಿಂಬಿನ ಕೆಳಗಿದ್ದ ಪುಸ್ತಕ



ಕಳೆದ ರಾಗಿ ಕೊಯ್ಲಿನ ಸಮಯ. ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ಸಾನಮಾವಿನ ಒಬ್ಬ ತಾಯಿ ನನ್ನನ್ನು ತಡೆದು ನಿಲ್ಲಿಸಿದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಒಂದು ಇಂಗ್ಲಿಷ್ ಪುಸ್ತಕ. "ಮೇಷ್ಟ್ರೇ, ಇದು ನನ್ನ ಮಗನ ದಿಂಬಿನ ಕೆಳಗಿತ್ತು. ಏನು ಅಂತ ಕೇಳಿದರೆ 'ರೌಡಿ ಹುಡುಗರ ಕಥೆ' ಅಂದ. ನನಗೆ ಇಂಗ್ಲಿಷ್ ಬರಲ್ಲ. ನೀವು ಓದಿ ಹೇಳಿ, ಒಲೆಗೆ ಹಾಕಲಾ, ವಾಪಸ್ ಕೊಡಲಾ?" ಎಂದರು.

ಆ ತಾಯಿಯ ಭಯಕ್ಕೆ ಕಾರಣವಿತ್ತು. ಹುಡುಗನಿಗೆ ಹದಿನೈದು ವರ್ಷ. ಹೊಸೂರಿನ ಶಾಲೆಗೆ ಹೋಗಿಬರುತ್ತಾನೆ. ಕೆಲವು ತಿಂಗಳಿಂದ ಅವನಿಗಿಂತ ದೊಡ್ಡ ಹುಡುಗರು ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದಾರೆ. ಒಂದು ರಾತ್ರಿ ತುಟಿ ಒಡೆದುಕೊಂಡು ಬಂದು "ಬಿದ್ದೆ" ಎಂದನಂತೆ. ತಂದೆ ಹಗಲು ಕಂಪನಿ ಕೆಲಸಕ್ಕೆ ಹೋಗುತ್ತಾರೆ. ರಾತ್ರಿಯಾದರೆ ಸಾನಮಾವು ಕಾಡಿನಿಂದ ಆನೆ ಇಳಿದೀತೆಂದು ರಾಗಿ ಹೊಲದಲ್ಲಿ ಕಾವಲು. ಮಗನನ್ನು ಕೂರಿಸಿಕೊಂಡು ಮಾತನಾಡುವ ಹೊತ್ತು ಯಾವುದು?

ನಾನು ಪುಸ್ತಕವನ್ನು ಮನೆಗೆ ತಂದು ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ಹೆಸರು 'ದಿ ಔಟ್‌ಸೈಡರ್ಸ್', ಅಂದರೆ ಹೊರಗಿನವರು. ಬರೆದಾಕೆ ಎಸ್. ಇ. ಹಿಂಟನ್, ಅಮೆರಿಕದ ಒಕ್ಲಹೋಮಾ ರಾಜ್ಯದ ಟಲ್ಸಾ ಎಂಬ ಊರಿನವಳು. ಬರೆಯಲು ತೊಡಗಿದಾಗ ಅವಳಿಗೆ ಹದಿನೈದು ವರ್ಷ. 1967ರಲ್ಲಿ ಪುಸ್ತಕ ಅಚ್ಚಾದಾಗ ಹದಿನೆಂಟು. ಹುಡುಗಿ ಬರೆದದ್ದೆಂದು ತಿಳಿದರೆ ವಿಮರ್ಶಕರು ಹಗುರವಾಗಿ ಕಂಡಾರೆಂದು ಪ್ರಕಾಶಕರು ಬರೀ ಮೊದಲಕ್ಷರಗಳನ್ನು ಹಾಕಿದರು. ಅವಳ ಶಾಲೆಯಲ್ಲೇ ಬಡವರ ಮಕ್ಕಳದೊಂದು ಗುಂಪು, ಶ್ರೀಮಂತರ ಮಕ್ಕಳದೊಂದು ಗುಂಪು ಇದ್ದವು. ಸ್ನೇಹಿತನೊಬ್ಬ ಮನೆಗೆ ನಡೆದು ಹೋಗುವಾಗ ಪೆಟ್ಟು ತಿಂದ. ಆ ಸಿಟ್ಟೇ ಕಥೆಯಾಯಿತು. ದೊಡ್ಡವರು ಹದಿಹರೆಯದವರಿಗೆಂದು ಬರೆಯುತ್ತಿದ್ದ ಕಥೆಗಳಲ್ಲಿ ತನ್ನ ಸುತ್ತಲಿನ ಹುಡುಗರು ಎಲ್ಲೂ ಕಾಣಲಿಲ್ಲವೆಂಬುದು ಅವಳ ದೂರಾಗಿತ್ತು.

ಕಥೆ ಇಷ್ಟು. ಪೋನಿಬಾಯ್ ಎಂಬ ಹದಿನಾಲ್ಕರ ಹುಡುಗ. ತಂದೆತಾಯಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಇಪ್ಪತ್ತು ವರ್ಷದ ಅಣ್ಣ ಓದು ಬಿಟ್ಟು ದುಡಿದು ತಮ್ಮಂದಿರಿಬ್ಬರನ್ನು ಸಾಕುತ್ತಿದ್ದಾನೆ. ಪೋನಿಬಾಯ್‌ನ ಗೆಳೆಯ ಜಾನಿ ಮನೆಯಲ್ಲಿ ದಿನವೂ ಹೊಡೆತ ತಿನ್ನುವವನು. ಹಿಂದೊಮ್ಮೆ ಶ್ರೀಮಂತರ ಹುಡುಗರಿಂದ ಏಟು ತಿಂದು ಸಾಯುವಂತಾದ ಮೇಲೆ ಹೆದರಿಕೆಯಿಂದ ಜೇಬಿನಲ್ಲಿ ಚಾಕು ಇಟ್ಟುಕೊಂಡಿದ್ದಾನೆ. ಒಂದು ರಾತ್ರಿ ಅದೇ ಗುಂಪು ಪೋನಿಬಾಯ್‌ನ ತಲೆಯನ್ನು ಕಾರಂಜಿಯ ನೀರಿನಲ್ಲಿ ಮುಳುಗಿಸಿ ಹಿಡಿಯುತ್ತದೆ. ಜಾನಿ ಚಾಕು ಹಾಕುತ್ತಾನೆ. ಒಬ್ಬ ಸಾಯುತ್ತಾನೆ. ಇಬ್ಬರೂ ಓಡಿಹೋಗಿ ಪಾಳುಬಿದ್ದ ಚರ್ಚೊಂದರಲ್ಲಿ ಅಡಗುತ್ತಾರೆ. ಆ ಚರ್ಚಿಗೆ ಬೆಂಕಿ ಬಿದ್ದಾಗ ಒಳಗೆ ಸಿಕ್ಕಿಬಿದ್ದ ಪುಟ್ಟ ಮಕ್ಕಳನ್ನು ಹೊರಗೆ ತಂದವರೂ ಅವರೇ. ಅದರಲ್ಲಿ ಬೆನ್ನು ಮುರಿದುಕೊಂಡ ಜಾನಿ ಕೊನೆಗೆ ಆಸ್ಪತ್ರೆಯಲ್ಲಿ ಸಾಯುತ್ತಾನೆ.

ಈ ಪುಸ್ತಕದಲ್ಲಿ ಸಿಗರೇಟಿದೆ, ಕುಡಿತವಿದೆ, ಹೊಡೆದಾಟವಿದೆ. ಅಮೆರಿಕದಲ್ಲೂ ಎಷ್ಟೋ ಕಡೆ ಪೋಷಕರು ಇದನ್ನು ಶಾಲೆಯಿಂದ ತೆಗೆಸಬೇಕೆಂದು ಹೋರಾಡಿದ್ದಾರೆ. ಅದೇ ದೇಶದಲ್ಲಿ ಎಷ್ಟೋ ಶಾಲೆಗಳು ಇದನ್ನು ಪಾಠವಾಗಿ ಇಟ್ಟಿವೆ. ಕ್ಯಾಲಿಫೋರ್ನಿಯಾದ ಒಂದು ಶಾಲೆಯ ಮಕ್ಕಳು ತಮ್ಮ ಗ್ರಂಥಪಾಲಕಿಯ ಜೊತೆ ಸಹಿ ಹಾಕಿ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾಗೆ ಪತ್ರ ಬರೆದರು. ಅದರಿಂದಲೇ 1983ರಲ್ಲಿ ಇದು ಸಿನಿಮಾ ಆಯಿತು.

ನಮ್ಮ ಮಕ್ಕಳಿಗೆ ರೌಡಿಗಳ ಕಥೆ ಹೊಸದೇನಲ್ಲ. ಸಾನಮಾವಿನಂಥ ಗಡಿ ಊರಿನಲ್ಲಿ ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು ಭಾಷೆ, ಶಾಲೆಯಲ್ಲಿ ಇನ್ನೊಂದು. ಸಿನಿಮಾ ಮಾತ್ರ ಎಲ್ಲ ಭಾಷೆಯಲ್ಲೂ ನೋಡುತ್ತಾರೆ. ಕನ್ನಡದಲ್ಲಿ 1995ರ 'ಓಂ', 2005ರ 'ಜೋಗಿ'. ತಮಿಳಿನಲ್ಲಿ 2006ರ 'ಪುದುಪೇಟ್ಟೈ'. 'ಜೋಗಿ'ಯ ಕೊನೆ ನಿಮಗೆ ನೆನಪಿರಬಹುದು. ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬಂದ ತಾಯಿ ಅವನನ್ನು ಕಾಣದೆಯೇ ಸಾಯುತ್ತಾಳೆ. ಯಾರದೋ ಶವಯಾತ್ರೆ ಎಂದುಕೊಂಡು ಮಗ ಅವಳ ಹೆಣದ ಮುಂದೆಯೇ ಕುಣಿಯುತ್ತಾನೆ. ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೆ? ಆದರೆ ಹುಡುಗರು ಆ ಚಿತ್ರದಿಂದ ಮನೆಗೆ ತಂದದ್ದು ಉದ್ದ ಕೂದಲನ್ನು, ಲಾಂಗು ಹಿಡಿಯುವ ಭಂಗಿಯನ್ನು. ತಾಯಿಯನ್ನು ತರಲಿಲ್ಲ. ತಪ್ಪು ಚಿತ್ರದ್ದೊಂದೇ ಅಲ್ಲ. ಚಿತ್ರ ನೋಡಿ ಬಂದ ಮೇಲೆ ಅದರ ಬಗ್ಗೆ ಅವರೊಡನೆ ಮಾತನಾಡಿದವರು ಯಾರೂ ಇರಲಿಲ್ಲ.

ಕನ್ನಡದಲ್ಲಿ ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಇದೆ. ಭೂಗತ ಲೋಕದಲ್ಲಿದ್ದವರೇ ಅದನ್ನು ಬರೆದರು. 2007ರಲ್ಲಿ ಬಂದ 'ಆ ದಿನಗಳು' ಚಿತ್ರಕ್ಕೆ ಆಧಾರವೂ ಅದೇ. ಆದರೆ ಅದು ದೊಡ್ಡವರು ಹಿಂದಿರುಗಿ ನೋಡಿ ಬರೆದದ್ದು. ಹದಿನೈದರ ಹುಡುಗನ ಪಕ್ಕದಲ್ಲಿ ನಿಂತು, ಅವನ ಹೆದರಿಕೆಯನ್ನು ಅವನ ಮಾತಿನಲ್ಲೇ ಹೇಳುವ ಕಥೆಗಳು ನಮ್ಮಲ್ಲಿ ಕಡಿಮೆ. ಮಕ್ಕಳ ಕಥೆ ಬಿಟ್ಟ ಮಗು ನೇರವಾಗಿ ದೊಡ್ಡವರ ಕಾದಂಬರಿಗೋ ಸಿನಿಮಾಕ್ಕೋ ಹಾರಬೇಕು. ನಡುವಿನ ಮೆಟ್ಟಿಲು ಇಲ್ಲ.

ಆ ತಾಯಿ ಆನೆಯ ಮಾತೆತ್ತಿದ್ದರಿಂದ ನನಗೆ ಓದಿದ್ದೊಂದು ನೆನಪಾಯಿತು. ಗಂಡಾನೆ ಹದಿವಯಸ್ಸಿಗೆ ಬಂದಾಗ ತಾಯಿಯ ಹಿಂಡನ್ನು ಬಿಡುತ್ತದೆ. ಕಾಡಿನಲ್ಲಾದರೆ ದೊಡ್ಡ ಗಂಡುಗಳು ಸಾಮಾನ್ಯವಾಗಿ ಒಂಟಿಯಾಗಿ ಓಡಾಡುತ್ತವೆ. ಹೊಲ, ರಸ್ತೆ, ಜನ ತುಂಬಿದ ಕಡೆ ಮಾತ್ರ ಗಂಡುಗಳೇ ಸೇರಿ ಗುಂಪು ಕಟ್ಟಿಕೊಳ್ಳುತ್ತವೆಂದು ದಕ್ಷಿಣ ಭಾರತದ ಆನೆಗಳ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಪಾಯವಿರುವಲ್ಲಿ ಗುಂಪು. ಪೋನಿಬಾಯ್‌ನ ಗೆಳೆಯರದೂ ಇದೇ ಕಥೆ. ಅವರು ಕೆಟ್ಟವರಾಗಿ ಗುಂಪು ಕಟ್ಟಲಿಲ್ಲ, ಒಬ್ಬನೇ ನಡೆದು ಹೋದರೆ ಪೆಟ್ಟು ಬೀಳುತ್ತದೆಂದು ಕಟ್ಟಿದರು.

ಇನ್ನೊಂದು ಸಂಗತಿ ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ಉದ್ಯಾನದ್ದು. ಅಲ್ಲಿಗೆ ದೊಡ್ಡ ಆನೆಗಳಿಲ್ಲದೆ ಅನಾಥ ಮರಿಗಳನ್ನಷ್ಟೇ ತಂದು ಬಿಟ್ಟಿದ್ದರು. 1990ರ ದಶಕದಲ್ಲಿ ಅವುಗಳಲ್ಲಿ ಬೆಳೆದ ಗಂಡುಗಳು 40ಕ್ಕೂ ಹೆಚ್ಚು ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಕ್ರೂಗರ್ ಉದ್ಯಾನದಿಂದ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟರು. ಕೊಲ್ಲುವುದು ನಿಂತುಹೋಯಿತು. ಹಿರಿಯರು ಅಲ್ಲಿ ಇದ್ದದ್ದೇ ಸಾಕಾಯಿತು.

ಸಂತ ಜಾನ್ ಬೋಸ್ಕೊ ಮಾಡಿದ್ದೂ ಅದನ್ನೇ. 1841ರಲ್ಲಿ ಗುರುದೀಕ್ಷೆ ಪಡೆದು ಟೂರಿನ್ ಪಟ್ಟಣಕ್ಕೆ ಬಂದಾಗ ಅಲ್ಲಿ ಹಳ್ಳಿಗಳಿಂದ ಕೂಲಿಗಾಗಿ ಬಂದ ಹುಡುಗರು ಬೀದಿಗಳಲ್ಲಿ ತುಂಬಿದ್ದರು. ಸೆರೆಮನೆಗೆ ಹೋದರೆ ಅಲ್ಲೂ ಅದೇ ವಯಸ್ಸಿನವರು. ಬಿಡುಗಡೆಯಾದವರು ಮತ್ತೆ ಒಳಗೆ ಬರುತ್ತಿದ್ದರು, ಏಕೆಂದರೆ ಹೊರಗೆ ಅವರಿಗಾಗಿ ಕಾಯುವವರಿರಲಿಲ್ಲ. ಅವರು ಆ ಹುಡುಗರೊಡನೆ ಆಟವಾಡಿದರು, ಕೆಲಸ ಕೊಡಿಸಿದರು, ಧಣಿಗಳೊಡನೆ ಕರಾರು ಬರೆಸಿದರು. ಬೆಂಗಳೂರಿನಲ್ಲಿ 1980ರಲ್ಲಿ ಅವರ ಸಭೆಯವರು ಬೀದಿಮಕ್ಕಳ ನಡುವೆ 'ಬೋಸ್ಕೊ' ಎಂಬ ಕೆಲಸ ಶುರುಮಾಡಿದ್ದೂ ಇದೇ ಹಾದಿಯಲ್ಲಿ. 1970ರ ದಶಕದಲ್ಲಿ ಸಿಪ್ಕಾಟ್ ಬಂದಾಗಿನಿಂದ ನಮ್ಮ ಹೊಸೂರು ಕೂಡ ಕಾರ್ಖಾನೆಯ ಊರು. ಇಲ್ಲಿಯೂ ದುಡಿಯುವ ತಂದೆತಾಯಂದಿರು ಮನೆಯಲ್ಲಿರುವ ಗಂಟೆಗಳು ಕಡಿಮೆ.

ಒಂದು ತಪ್ಪೊಪ್ಪಿಗೆ ಮಾಡಬೇಕು. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬನ ಕೈಯಿಂದ ಇಂಥದೇ ಪುಸ್ತಕವೊಂದನ್ನು ಕಿತ್ತು, ತರಗತಿಯೆಲ್ಲ ನೋಡುವಂತೆ ಹರಿದು ಹಾಕಿದ್ದೆ. ಅದರಲ್ಲಿ ಏನಿತ್ತೆಂದು ನಾನು ಓದಲಿಲ್ಲ, ಅವನನ್ನು ಕೇಳಲೂ ಇಲ್ಲ. ಆ ವರ್ಷವೇ ಅವನು ಶಾಲೆ ಬಿಟ್ಟ. ಪುಸ್ತಕದಿಂದ ಬಿಟ್ಟನೋ ನನ್ನಿಂದ ಬಿಟ್ಟನೋ ಇಂದಿಗೂ ತಿಳಿಯದು. ನನ್ನೊಡನೆ ಅವನು ಆಡಬಹುದಾಗಿದ್ದ ಮಾತು ಮಾತ್ರ ಅಂದೇ ನಿಂತುಹೋಯಿತು.

ಮುಂದಿನ ಭಾನುವಾರ ಆ ತಾಯಿಗೆ ಪುಸ್ತಕವನ್ನು ಹಿಂದಕ್ಕೆ ಕೊಟ್ಟೆ. "ಒಲೆಗೆ ಹಾಕಬೇಡಿ. ಮಗನಿಗೇ ಕೊಡಿ. 'ನನಗೆ ಓದಲು ಬರಲ್ಲ, ದಿನಕ್ಕೊಂದಿಷ್ಟು ಕಥೆ ಹೇಳು' ಅನ್ನಿ. ಬುದ್ಧಿ ಹೇಳಬೇಡಿ. ಕೇಳಿ ಅಷ್ಟೆ" ಎಂದೆ.

ಅವರು ಹಾಗೆಯೇ ಮಾಡಿದರು. ಮೊದಲ ಎರಡು ದಿನ ಹುಡುಗ "ಹೋಗಮ್ಮಾ" ಎಂದನಂತೆ. ಮೂರನೆಯ ದಿನ ಮುದ್ದೆ ತಿರುವುವಾಗ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಶುರುಮಾಡಿದ. ಜಾನಿ ಸಾಯುವಲ್ಲಿಗೆ ಬಂದಾಗ ಅವನೇ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, "ಅಮ್ಮಾ, ನಮ್ಮ ಗುಂಪಿನಲ್ಲೂ ಒಬ್ಬ ಚಾಕು ಇಟ್ಟುಕೊಂಡಿದ್ದಾನೆ" ಎಂದ.

ಆ ಮಾತು ಅವನ ಬಾಯಿಂದ ಬೈಗುಳಕ್ಕೆ ಬರುತ್ತಿರಲಿಲ್ಲ, ಹೊಡೆತಕ್ಕೂ ಬರುತ್ತಿರಲಿಲ್ಲ. ತಂದೆ ಮರುದಿನ ಮಗನನ್ನೂ ಹೊಲದ ಕಾವಲಿಗೆ ಜೊತೆಗೆ ಕರೆದುಕೊಂಡು ಹೋದರು. ರಾತ್ರಿಯೆಲ್ಲ ಇಬ್ಬರೂ ಬೆಂಕಿಯ ಮುಂದೆ ಕುಳಿತರು. ಏನು ಮಾತನಾಡಿದರೆಂದು ನಾನು ಕೇಳಲಿಲ್ಲ. ಬೈಕಿನ ಹುಡುಗರು ಇನ್ನೂ ಬರುತ್ತಾರೆ, ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಆದರೆ ಈಗ ಅವನು ಎಲ್ಲಿಗೆ ಹೋಗುತ್ತೇನೆಂದು ಹೇಳಿ ಹೋಗುತ್ತಾನೆ. ಕೆಲವು ದಿನ "ಇವತ್ತು ಬರಲ್ಲ" ಎಂದೂ ಹೇಳಿ ಕಳಿಸುತ್ತಾನೆ.

ತಂದೆತಾಯಂದಿರೇ, ಮಗನ ದಿಂಬಿನ ಕೆಳಗೆ ಪುಸ್ತಕ ಸಿಕ್ಕರೆ ಹೆದರಬೇಡಿ. ಮೊದಲು ಅದನ್ನು ಓದಿ, ಓದಲಾಗದಿದ್ದರೆ ಅವನಿಂದಲೇ ಕೇಳಿ. ಯಾವ ಪಾತ್ರ ಇಷ್ಟವಾಯಿತು, ಯಾರ ಸಾವಿಗೆ ಅಳು ಬಂತು ಎಂದು ವಿಚಾರಿಸಿ. ತನ್ನ ಬಗ್ಗೆ ಹೇಳಲಾಗದ್ದನ್ನು ಮಕ್ಕಳು ಕಥೆಯ ಹುಡುಗನ ಹೆಸರಿನಲ್ಲಿ ಹೇಳುತ್ತಾರೆ. ರಾಗಿ ಹೊಲಕ್ಕೆ ರಾತ್ರಿಯಿಡೀ ಕಾವಲು ಕೂರುವ ನಾವು, ಮನೆಯ ಬೆಳೆಗೆ ಒಂದು ಗಂಟೆಯಾದರೂ ಕೂರೋಣ.